ಅಪ್ಪನ ಮಳೆ ಪುಸ್ತಕವನ್ನು ಪೈಥಾನ್‌ಗೆ ಓದಿಸಿದ್ದು

ಕಾಫಿ ತೋಟದವರ ಬಾಯಲ್ಲಿ ಮಳೆ ಮಿಲಿಮೀಟರಿನಲ್ಲಿ ಬರುವುದು ಅಪರೂಪ. ‘ನಿಮ್ಮಲ್ಲಿ ಎಷ್ಟು ಹೊಡೀತು?’ ಅಂದರೆ ‘ಒಂದು ಇಂಚು ಇಪ್ಪತ್ತು ಸೆಂಟ್’ ಅನ್ನುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಮೂಡಿಗೆರೆ ಹತ್ತಿರದ ನಮ್ಮ ತೋಟದಲ್ಲೂ ಅಪ್ಪ ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ನೀರು ಅಳೆದು, ನೋಟ್‌ಬುಕ್ಕಿನಲ್ಲಿ ತಾರೀಖು, ಮಳೆ, ಪಕ್ಕದಲ್ಲಿ ನಕ್ಷತ್ರ ಬರೆದಿಡುತ್ತಾರೆ. ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆ ಕಲಿಯಲು ಶುರು ಮಾಡಿದ ನನಗೆ ಅಭ್ಯಾಸಕ್ಕೆ ಏನಾದರೂ ಬೇಕಿತ್ತು. ಯಾವ ನಕ್ಷತ್ರದಲ್ಲಿ ಎಷ್ಟು ಮಳೆ ಅಂತ ಕೂಡಿಸುವ ಪ್ರೋಗ್ರಾಂ ಬರೆಯೋಣ ಅಂತ ಒಂದು ವರ್ಷದ ಪುಸ್ತಕ ಹಿಡಿದು ಕೂತೆ.

ನೋಟ್‌ಪ್ಯಾಡಿನಲ್ಲಿ ದಿನಕ್ಕೊಂದು ಸಾಲು, ನಡುವೆ ಕಾಮಾ: ‘12-07,2.35,ಪುನರ್ವಸು’. ಫೈಲ್ ತೆರೆಯುವ ಓಪನ್ ಆಜ್ಞೆ ಕೊಟ್ಟರೆ ಫೈಲೇ ಇಲ್ಲ ಅಂತು. ಹೆಸರಿನ ಬಾಲ ವಿಂಡೋಸ್ ಮರೆಮಾಚಿತ್ತು, ನಾನೂ ಇನ್ನೊಂದು ಬಾಲ ಅಂಟಿಸಿದ್ದೆ. ಫೈಲ್ ‘ಡಾಟ್ ಟಿಎಕ್ಸ್‌ಟಿ ಡಾಟ್ ಟಿಎಕ್ಸ್‌ಟಿ’ ಆಗಿತ್ತು. ಇದು ಎಲ್ಲರಿಗೂ ಒಂದು ಸಲ ಆಗುವಂಥದ್ದು, ಬಿಡಿ.

ನಿಜವಾದ ಪೇಚಾಟ ಕನ್ನಡದ್ದು. ಮೊದಲ ಪರೀಕ್ಷೆಗೆ ಭರಣಿ ಮಳೆಯ ನಾಲ್ಕೇ ಸಾಲು ಹಾಕಿದ್ದೆ. ಒಂದೊಂದೇ ಸಾಲು ಹಿಡಿಯುವ ಫಾರ್ ಲೂಪಿನಲ್ಲಿ ಪ್ರಿಂಟ್ ಮಾಡಿಸಿದೆ. ತಾರೀಖು ಸರಿ, ಅಂಕಿ ಸರಿ, ‘ಭರಣಿ’ ಇರಬೇಕಾದ ಜಾಗದಲ್ಲಿ ಮಾತ್ರ ತಲೆಯ ಮೇಲೆ ಗೀಟಿರುವ ಎ, ಪುಟ್ಟ 2, ಡಿಗ್ರಿ ಗುರುತು, ಪೌಂಡ್ ಗುರುತು, ಕೊನೆಗೊಂದು ತಲೆಕೆಳಗಾದ ಪ್ರಶ್ನಾರ್ಥಕ. ಅದರ ಕೆಳಗೆ ಕೃತ್ತಿಕೆಯ ಎರಡು ಸಾಲು ಸೇರಿಸಿದೆ. ಈ ಸಲ ಆ ಕಸವೂ ಬರಲಿಲ್ಲ. ಒಂದು ಸಾಲೂ ಪ್ರಿಂಟ್ ಆಗದೆ, ಫೈಲಿನ ಅಕ್ಷರ ಬಿಡಿಸಲಾಗಲಿಲ್ಲ ಅನ್ನುವ ಯೂನಿಕೋಡ್‌ಡಿಕೋಡ್‌ಎರರ್. ಭರಣಿಗೆ ಆಗದ್ದು ಕೃತ್ತಿಕೆಗೆ ಯಾಕೆ ಆಯಿತು?

ಉತ್ತರ ಸಿಕ್ಕಿದ ದಿನ ಮಜಾ ಅನಿಸಿತು. ನೋಟ್‌ಪ್ಯಾಡ್ ಫೈಲನ್ನು ಯುಟಿಎಫ್-8ರಲ್ಲಿ ಉಳಿಸಿತ್ತು; ಅಕ್ಷರಗಳನ್ನು ಬೈಟ್ ಎಂಬ ಸಂಖ್ಯೆಗಳಾಗಿ ಬರೆದಿಡುವ ಒಂದು ಕ್ರಮ (ಎನ್‌ಕೋಡಿಂಗ್) ಅದು. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತದ ಗುರುತಿಗೂ ಮೂರು ಬೈಟ್. ನಾನು ಎನ್‌ಕೋಡಿಂಗ್ ಯಾವುದು ಅಂತ ಹೇಳದ್ದರಿಂದ ಪೈಥಾನ್ ನನ್ನ ವಿಂಡೋಸಿನ ಹಳೆಯ ಅಕ್ಷರಪಟ್ಟಿ ಸಿಪಿ1252 ಹಿಡಿದು, ಒಂದೊಂದು ಬೈಟನ್ನೂ ಒಂದೊಂದು ಅಕ್ಷರ ಅಂತ ಓದುತ್ತಿತ್ತು. ಆ ಪಟ್ಟಿಯಲ್ಲಿ ಐದು ಮನೆ ಖಾಲಿ. ನಮ್ಮ ಅರ್ಧಾಕ್ಷರದ ಗುರುತು ‘್’ ಇದೆಯಲ್ಲ, ಅದರ ಮೂರನೇ ಬೈಟ್, ಕಂಪ್ಯೂಟರಿನ ಹದಿನಾರರ ಲೆಕ್ಕದಲ್ಲಿ, 8ಡಿ. ಕೊಂಬಿನ ‘ು’ ಗುರುತಿನದು 81. ಎರಡೂ ಖಾಲಿ ಮನೆಗಳೇ. ಹಾಗಾಗಿ ಭರಣಿ, ರೋಹಿಣಿ, ಮಘಾ ಕಸವಾಗಿಯಾದರೂ ದಾಟಿಕೊಳ್ಳುತ್ತವೆ. ಒತ್ತಕ್ಷರವೋ ಕೊಂಬೋ ಇರುವ ಕೃತ್ತಿಕೆ, ಆರಿದ್ರಾ, ಪುನರ್ವಸು ಬಂದಲ್ಲಿ ಪ್ರೋಗ್ರಾಂ ಮಕಾಡೆ. ಎರರಿನಲ್ಲಿ ತೋರಿಸುವ ಪೊಸಿಷನ್ ಸಾಲಿನ ನಂಬರ್ ಅಂತ ನಂಬಿ ಅರ್ಧ ಗಂಟೆ ಸಾಲು ಎಣಿಸಿದ್ದೆ. ಅದು ಬೈಟಿನ ಲೆಕ್ಕ. ಓಪನ್ ಒಳಗೆ ಎನ್‌ಕೋಡಿಂಗ್ ಯುಟಿಎಫ್-8 ಅಂತ ಒಂದು ಮಾತು ಸೇರಿಸಿದೆ, ಎಲ್ಲ ನಕ್ಷತ್ರಗಳೂ ಹೊರಗೆ ಬಂದವು.

ಆಮೇಲೆ ಸಾಲನ್ನು ಕಾಮಾದಲ್ಲಿ ಸ್ಪ್ಲಿಟ್ ಮಾಡಿ, ಮಳೆಯನ್ನು ಫ್ಲೋಟ್, ಅಂದರೆ ದಶಮಾಂಶ ಸಂಖ್ಯೆ, ಮಾಡಿ, ನಕ್ಷತ್ರದ ಹೆಸರಿನಡಿ ಡಿಕ್ಷನರಿ ಅನ್ನುವ ಪಟ್ಟಿಯಲ್ಲಿ ಕೂಡಿಸಿದೆ. ಪರೀಕ್ಷೆಗೆ ಮಘಾ ಮಳೆ ಮುಗಿಯುವವರೆಗಿನ ಸಾಲು ಕೊಟ್ಟರೆ ಮಘಾ ಎರಡು ಸಲ ಬಂತು, ಬೇರೆ ಬೇರೆ ಮೊತ್ತದೊಂದಿಗೆ. ಪ್ರತಿ ಸಾಲಿನ ತುದಿಯಲ್ಲೂ ಎಂಟರ್ ಒತ್ತಿದ ಗುರುತು ಹೆಸರಿಗೆ ಅಂಟಿಕೊಂಡೇ ಬಂದಿತ್ತು; ಕಟ್ಟಕಡೆಯ ಸಾಲಿಗೆ ಮಾತ್ರ ನಾನು ಎಂಟರ್ ಒತ್ತಿರಲಿಲ್ಲ. ಆ ಗುರುತು ಕತ್ತರಿಸುವ ಸ್ಟ್ರಿಪ್ ಹಾಕಿದ ಮೇಲೆ ಎರಡು ಮಘಾ ಒಂದಾದವು.

ಇಡೀ ವರ್ಷ ಟೈಪ್ ಮಾಡಿ ಮುಗಿಸಿ ಓಡಿಸಿದೆ. ಒಟ್ಟು 101.64. ಒಂದು ಎರರೂ ಇಲ್ಲ. ಹೆಮ್ಮೆಯಿಂದ ಅಪ್ಪನಿಗೆ ತೋರಿಸಿದರೆ ಅವರು ಪುಸ್ತಕದ ಕೊನೆಯ ಹಾಳೆ ತಿರುವಿದರು. ಅಲ್ಲಿ ಅವರೇ ಕೈಯಲ್ಲಿ ಕೂಡಿಸಿಟ್ಟ ಮೊತ್ತ: 96-42.

ಕೈ ಲೆಕ್ಕ ತಪ್ಪಿರಬೇಕು ಅಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ, ಪುಣ್ಯ. ಹಿಂದೆ ಸೊಸೈಟಿಯ ಲೆಕ್ಕ ಬರೆದ ಅನುಭವ ಅಪ್ಪನಿಗಿದೆ. ವ್ಯತ್ಯಾಸ 522 ಸೆಂಟ್, 9ರಿಂದ ಭಾಗಿಸಿದರು, ಶೇಷವಿಲ್ಲದೆ 58 ಬಂತು. ‘ಒಂಬತ್ತರಲ್ಲಿ ಹೋಯಿತು ಅಂದರೆ ಎಲ್ಲೋ ಅಂಕಿ ಮನೆ ಬದಲಿಸಿದೆ, ನೋಡು’ ಅಂದರು.

ನೋಡಿದೆ. ಅಪ್ಪ ಒಂದು ಇಂಚು ಐದು ಸೆಂಟಿಗೆ ‘1-5’ ಅಂತ ಬರೆಯುತ್ತಾರೆ. ಐವತ್ತು ಸೆಂಟಾದರೆ ‘1-50’. ನಾನು ಟೈಪಿಸುವಾಗ ಅಡ್ಡಗೀಟಿನ ಬದಲು ಚುಕ್ಕಿ ಇಟ್ಟಿದ್ದೆ, ಅಷ್ಟೆ. 1.5 ಅಂದರೆ ಫ್ಲೋಟಿಗೆ ಒಂದೂವರೆ ಇಂಚು! ಇಂಥವು ಹನ್ನೆರಡು ದಿನ ಇದ್ದವು. ಅವುಗಳ ಬಿಡಿ ಸೆಂಟುಗಳನ್ನೆಲ್ಲ ಕೂಡಿದರೆ ಸರಿಯಾಗಿ 58.

ಫೈಲ್ ಮುಟ್ಟಲೇ ಇಲ್ಲ, ಓದುವ ಕ್ರಮ ಬದಲಿಸಿದೆ. ಫ್ಲೋಟ್ ಕಿತ್ತು ಹಾಕಿ, ಚುಕ್ಕಿಯಲ್ಲಿ ಇನ್ನೊಮ್ಮೆ ಸ್ಪ್ಲಿಟ್. ಎಡಗಡೆಯದು ಇಂಚು, ಅದನ್ನು ನೂರರಿಂದ ಗುಣಿಸು. ಬಲಗಡೆಯದು ಸೆಂಟ್, ಕೂಡಿಸು. ಎಲ್ಲ ಪೂರ್ಣಾಂಕ. ಮಾರ್ಚ್ ಹೂಮಳೆಯ ಕೆಲವು ಸಾಲುಗಳಲ್ಲಿ ಕನ್ನಡ ಕೀಬೋರ್ಡ್ ಬದಲಿಸಲು ಮರೆತು ‘೧.೨೦’ ಅಂತ ಹೊಡೆದದ್ದು ಆಗ ಕಣ್ಣಿಗೆ ಬಿತ್ತು. ಇಲ್ಲಿ ಖಂಡಿತ ಸಾಯುತ್ತೆ ಅಂದುಕೊಂಡಿದ್ದೆ. ಪೈಥಾನ್‌ನ ಪೂರ್ಣಾಂಕ ಓದುವ ಇಂಟ್ ಕನ್ನಡ ಅಂಕಿಯನ್ನೂ ಸಲೀಸಾಗಿ ಓದುತ್ತದೆ, ಹಿಂದಿನ ಫ್ಲೋಟೂ ಓದಿಕೊಂಡಿತ್ತು. ಅಕ್ಷರಕ್ಕೆ ಅಷ್ಟು ಕಾಡಿದ್ದು ಅಂಕಿಗೆ ಯಾಕೋ ಉದಾರಿ.

9642 ಅಂತ ಬಂತು. ಅಪ್ಪ ಏನೂ ಹೇಳಲಿಲ್ಲ, ಒಳಗೆ ಹೋಗಿ 1994ರ ಪುಸ್ತಕ ತಂದಿಟ್ಟರು. ಅದರ ಜುಲೈ ಹಾಳೆಗೆ ಗೆದ್ದಲು ಹಿಡಿದು ಒಂಬತ್ತು ದಿನದ ಮಳೆ ಹೋಗಿದೆ. ಖಾಲಿ ಬಿಟ್ಟರೆ ಇಂಟ್ ಎರರ್ ಕೊಡುತ್ತೆ, ಸದ್ಯಕ್ಕೆ ಸೊನ್ನೆ ಹಾಕಲೇ ಅಂತ ಕೇಳಿದೆ.

‘ಜುಲೈಯಲ್ಲಿ? ಮೂಡಿಗೆರೆಯಲ್ಲಿ?’ ಅಂದರು.