ದೊಡ್ಡಪ್ಪನ ಲೆನ್ಸಿಗೆ ಬಾಡಿ ಹುಡುಕಿದ್ದು

ಬೇಲೂರು ದೇವಸ್ಥಾನದ ಅಂಗಳದಲ್ಲಿ ನಿಂತು ಅರ್ಧ ಗಂಟೆ ಲೆನ್ಸಿನ ರಿಂಗ್ ತಿರುಗಿಸಿದ್ದೆ. ಗೋಪುರ ತಿಳಿಯಾಗಲೇ ಇಲ್ಲ. ಕಾಲಬುಡದ ಕಲ್ಲುಹಾಸು ಚೆನ್ನಾಗಿ ಕಾಣುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ಮುಡಿದ ಮಲ್ಲಿಗೆಯನ್ನು ಒಂದೊಂದೇ ಎಣಿಸಬಹುದಿತ್ತು. ಆರೇಳು ಅಡಿ ದಾಟಿದರೆ ಮಾತ್ರ ಎಲ್ಲ ಮಸುಕು. ರಿಂಗ್ ಕೊನೆ ಮುಟ್ಟಿತ್ತು, ಇನ್ನು ತಿರುಗುವ ಹಾಗಿರಲಿಲ್ಲ. ಲೆನ್ಸೇ ಹಾಳಾಗಿದೆ ಅಂದುಕೊಂಡು ಹಾಸನದ ಬಸ್ ಹತ್ತಿದೆ. ಲೆನ್ಸ್ ಸರಿಯಾಗೇ ಇತ್ತು. ನಾನು ತಗೊಂಡಿದ್ದ ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ಅದಕ್ಕೆ ಹೊಂದುವಂಥದ್ದಲ್ಲ, ಅಷ್ಟೇ.

ಲೆನ್ಸ್ ನಮ್ಮ ದೊಡ್ಡಪ್ಪನದು. ಚಿಕ್ಕಮಗಳೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜ್ ಅಂತ ಮೂವತ್ತು ವರ್ಷ ದುಡಿದವರು. ಡಿಜಿಟಲ್ ಬಂದ ಮೇಲೆ ಬಾಗಿಲು ಹಾಕಿದರು. ಉಳಿದ ಸಾಮಾನನ್ನೆಲ್ಲ ಟ್ರಂಕಿಗೆ ತುಂಬಿ ಬಚ್ಚಲ ಒಲೆ ಮೇಲಿನ ಅಟ್ಟಕ್ಕೆ ಏರಿಸಿದ್ದರು. ಕ್ಯಾಮೆರಾ ಸಾಮಾನು ಇಡುವ ಜಾಗವಾ ಅದು ಅಂತ ನೀವು ಕೇಳಬಹುದು. ಆದರೆ ನಮ್ಮ ಕಡೆ ಮಳೆಗಾಲದಲ್ಲಿ ಬೆಲ್ಟು, ಚಪ್ಪಲಿ, ಪುಸ್ತಕ ಎಲ್ಲಕ್ಕೂ ಬೂಷ್ಟು ಬರುತ್ತದೆ. ಒಲೆಯ ಕಾವು ಆ ಟ್ರಂಕನ್ನು ಕಾಪಾಡಿತ್ತು. ಮೂರು ಲೆನ್ಸಿನಲ್ಲಿ ಎರಡು ಚೊಕ್ಕವಾಗಿದ್ದವು.

ಒಂದು ರಷ್ಯಾದ ಹೆಲಿಯೋಸ್ 44-2. 58 ಎಂಎಂ, ಎಫ್/2, ಜೆನಿಟ್ ಕ್ಯಾಮೆರಾ ಜೊತೆ ಬಂದದ್ದು. (ಎಂಎಂ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಎಫ್ ಸಂಖ್ಯೆ ಇಳಿದಷ್ಟೂ ಲೆನ್ಸಿನ ಬಾಯಿ ಅಗಲ, ಫೋಕಸ್ ಕೂರುವ ಪದರ ತೆಳು.) ಸೀರಿಯಲ್ ನಂಬರ್ 78ರಿಂದ ಶುರುವಾಗುತ್ತದೆ, ಅಂದರೆ 1978ರ ಮಾಲು. ಇನ್ನೊಂದು ಪೂರ್ವ ಜರ್ಮನಿಯ ಪೆಂಟಾಕಾನ್ 135 ಎಂಎಂ. ಬೂಷ್ಟು ಹಿಡಿದದ್ದು ಇದಕ್ಕೇ. ಎರಡೂ ಎಂ42, ಅಂದರೆ ಬಾಟಲಿ ಮುಚ್ಚಳದ ಹಾಗೆ ತಿರುಪಿ ಕೂರಿಸುವವು. ಮೂರನೆಯದು ನಿಕಾನ್ 50 ಎಂಎಂ ಎಫ್/1.8. ದೊಡ್ಡಪ್ಪ ಮದುವೆ ಫೋಟೋ ತೆಗೆಯುತ್ತಿದ್ದ ಎಫ್‌ಎಂ2 ಬಾಡಿಯ ಲೆನ್ಸ್ ಅದು. ಬಾಡಿಯನ್ನು ಯಾವತ್ತೋ ಮಾರಿದ್ದರು.

ನಿಕಾನ್ ಲೆನ್ಸ್ ಇದೆ, ನಿಕಾನ್ ಬಾಡಿ ತಗೊಂಡರಾಯ್ತು ಅಂತ ನಾನು ಸಲೀಸಾಗಿ ಲೆಕ್ಕ ಹಾಕಿದೆ. ಹಾಸನದಲ್ಲೇ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ಡಿ3200 ಸಿಕ್ಕಿತು. 24 ಮೆಗಾಪಿಕ್ಸೆಲ್, ಬಳಸಿದ್ದೂ ಕಡಿಮೆ. ಎಂ42 ಲೆನ್ಸಿಗೆ ಅಂತ ತೆಳ್ಳನೆಯ ಅಡಾಪ್ಟರ್ ರಿಂಗ್ ತರಿಸಿದೆ. ಎರಡು ಕಡೆಯಿಂದಲೂ ಪೆಟ್ಟು ಬಿತ್ತು.

ಮೊದಲನೆಯದು ಬೇಲೂರಿನದು. ಲೆನ್ಸ್ ಕೂರುವ ಲೋಹದ ಬಳೆಗೆ ಮೌಂಟ್ ಅನ್ನುತ್ತಾರೆ. ಅಲ್ಲಿಂದ ಫಿಲ್ಮ್, ಇಲ್ಲವೇ ಡಿಜಿಟಲ್‌ನಲ್ಲಿ ಫಿಲ್ಮಿನ ಜಾಗದಲ್ಲಿರುವ ಸೆನ್ಸರ್‌ವರೆಗೆ ಪ್ರತಿ ಬಗೆಯ ಮೌಂಟಿಗೂ ಒಂದು ನಿಗದಿ ಅಳತೆ ಇದೆ. ಎಂ42ಗೆ 45.46 ಎಂಎಂ. ನಿಕಾನಿನ ಎಫ್ ಮೌಂಟಿಗೆ 46.5. ಅಂದರೆ ನಿಕಾನ್ ಬಾಡಿ ಮೇಲೆ ಹೆಲಿಯೋಸ್ ತನ್ನ ಜಾಗಕ್ಕಿಂತ ಒಂದು ಎಂಎಂ ಮುಂದೆ ಕೂರುತ್ತದೆ, ರಿಂಗಿನ ದಪ್ಪ ಬೇರೆ ಸೇರುತ್ತದೆ. ಒಂದೆರಡು ಎಂಎಂ ಏನು ಮಹಾ ಅನ್ನಿಸಬಹುದು. ಅಷ್ಟಕ್ಕೇ ದೂರದ್ದೆಲ್ಲ ಹೋಯಿತು. ಅಡಾಪ್ಟರ್ ಅಂತರ ಕೂಡಿಸಬಲ್ಲದು, ಕಳೆಯಲಾರದು. ನಡುವೆ ಗಾಜು ಇರುವ ಅಡಾಪ್ಟರ್ ಸಿಗುತ್ತದೆ, ದೂರದ ಫೋಕಸ್ ಬರುತ್ತದೆ. ಆದರೆ ಆ ಅಗ್ಗದ ಗಾಜಿನ ಮೂಲಕವೇ ನೋಡುವುದಾದರೆ ಹಳೆ ಲೆನ್ಸ್ ಯಾಕೆ ಬೇಕು?

ಎರಡನೆಯದು ನಿಕಾನ್ ಲೆನ್ಸಿನಿಂದಲೇ ಬಂತು. ಅದು ಬಾಡಿಗೆ ಸರಿಯಾಗಿ ಕೂತಿತು, ಫೋಕಸ್ಸೂ ಬಂತು. ಆದರೆ ಬೆಳಕು ಅಳೆಯುವ ಮೀಟರ್ ಸತ್ತೇ ಹೋಯಿತು. ಚಿಪ್ ಇಲ್ಲದ ಹಳೆ ಲೆನ್ಸ್ ಹಾಕಿದರೆ ಡಿ3200 ಥರದ ಚಿಕ್ಕ ಬಾಡಿಗಳು ಮೀಟರ್ ತೋರಿಸುವುದಿಲ್ಲ. ಎಲ್ಲ ಕೈಯಲ್ಲೇ ಹೊಂದಿಸುವ ಎಂ ಮೋಡಿನಲ್ಲಿಟ್ಟು ಅಂದಾಜಿನಲ್ಲಿ ತೆಗೆಯಬೇಕು. ಡಿ7000 ಥರದ ದೊಡ್ಡ ಬಾಡಿಯಲ್ಲಾದರೆ ಲೆನ್ಸಿನ ವಿವರವನ್ನು ಮೆನುವಿನಲ್ಲಿ ತುಂಬಬಹುದು, ಮೀಟರ್ ಕೆಲಸ ಮಾಡುತ್ತದೆ. ನಿಮ್ಮ ಹತ್ತಿರ ಇರುವುದು ಬರೀ ನಿಕಾನ್ ಲೆನ್ಸ್ ಆದರೆ ಅಂಥದ್ದೊಂದು ತಗೊಂಡು ನೆಮ್ಮದಿಯಾಗಿರಿ. ಡಿ3200 ಅನ್ನು ಎರಡು ಸಾವಿರ ನಷ್ಟಕ್ಕೆ ಮಾರಿದೆ.

ಆಮೇಲೆ ಗೆಳೆಯನೊಬ್ಬನ ಕ್ಯಾನನ್ 6ಡಿ ಎರಡು ವಾರ ತಂದಿಟ್ಟುಕೊಂಡೆ. ಈ ಕ್ಯಾನನ್ನಿನ ಮೌಂಟ್ ಅಳತೆ 44 ಎಂಎಂ, ಹಾಗಾಗಿ ಎಂ42, ನಿಕಾನ್ ಎರಡಕ್ಕೂ ಜಾಗ ಇದೆ. ಗೋಪುರ ತಿಳಿಯಾಯಿತು! ಈ ಸಲ ಕೈಕೊಟ್ಟದ್ದು ಕಣ್ಣು. ಹಳೇಬೀಡಿನ ಗೋಡೆಯ ಬುಡದಲ್ಲಿ ಸಾಲಾಗಿ ನಡೆಯುವ ಆನೆಗಳಿವೆಯಲ್ಲ, ಅಲ್ಲಿ ಕೂತು ಎಫ್/2ರಲ್ಲಿ ನಲವತ್ತು ಫೋಟೋ ತೆಗೆದೆ. ವ್ಯೂಫೈಂಡರಿನಲ್ಲಿ, ಅಂದರೆ ಕಣ್ಣಿಡುವ ಕಿಂಡಿಯಲ್ಲಿ, ನಲವತ್ತೂ ಸರಿ ಇದ್ದವು. ಮನೆಗೆ ಬಂದು ನೋಡಿದರೆ ಸರಿಯಿದ್ದದ್ದು ಒಂಬತ್ತು. ಉಳಿದವುಗಳಲ್ಲಿ ಆನೆಯ ಕಣ್ಣಿನ ಬದಲು ಸೊಂಡಿಲಿಗೋ ಹಿಂದಿನ ಬಳ್ಳಿಗೋ ಫೋಕಸ್ ಕೂತಿತ್ತು.

ಕಾರಣ ದೊಡ್ಡಪ್ಪನೇ ಹೇಳಿದರು. "ಎಫ್‌ಎಂ2 ಒಳಗೆ ನಡುವೆ ಒಂದು ಗುಂಡು ಇತ್ತು ಕಣೋ. ಅದರಲ್ಲಿ ಚಿತ್ರ ಎರಡು ತುಂಡಾಗಿ ಕಾಣೋದು. ಗೆರೆ ಕೂಡಿತೋ, ಫೋಕಸ್ ಕೂತ ಹಾಗೆ. ಇದರಲ್ಲಿ ಬರೀ ಬೆಳ್ಳಗೆ ಕಾಣುತ್ತೆ." ನಿಜ. ಆಟೋಫೋಕಸ್ ಬಂದ ಮೇಲೆ ಡಿಎಸ್ಎಲ್ಆರ್, ಅಂದರೆ ಕನ್ನಡಿಯಿರುವ ಡಿಜಿಟಲ್ ಕ್ಯಾಮೆರಾ, ಒಳಗಿನ ಫೋಕಸ್ ಗಾಜನ್ನು ಚಿತ್ರ ಬೆಳಕಾಗಿ ಕಾಣಲಿ ಅಂತ ಮಾಡತೊಡಗಿದರು. ಲೆನ್ಸ್ ಎಫ್/2 ಆದರೂ ಅದರಲ್ಲಿ ಕಣ್ಣಿಗೆ ಕಾಣುವುದು ಎಫ್/2.8ರ ಆಸುಪಾಸಿನ ಚಿತ್ರ. ಮಸುಕಿರುವುದೂ ಸರಿಯಿದ್ದ ಹಾಗೆ ತೋರುತ್ತದೆ. 6ಡಿಯಲ್ಲಿ ಆ ಗಾಜು ಬದಲಿಸಬಹುದು, ಕೈಯಲ್ಲಿ ಫೋಕಸ್ ಮಾಡುವವರಿಗೆ ಅಂತಲೇ ಬೇರೆ ಗಾಜು ಇದೆ. ಇನ್ನೊಂದು ಭಯವೂ ಇತ್ತು. ಫುಲ್ ಫ್ರೇಮ್, ಅಂದರೆ ಹಳೆ ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ ಕ್ಯಾನನ್‌ನಲ್ಲಿ ಕೆಲವು ಹಳೆ ಲೆನ್ಸಿನ ಹಿಂಭಾಗ ಒಳಗಿನ ಕನ್ನಡಿಗೆ ತಗಲುತ್ತದೆ. ಗೆಳೆಯನ ಕ್ಯಾಮೆರಾ ಕನ್ನಡಿ ಒಡೆದು ಸ್ನೇಹ ಕಳಕೊಳ್ಳುವುದು ಬೇಡ ಅಂತ ವಾಪಸ್ ಕೊಟ್ಟೆ.

ಆವತ್ತಿನಿಂದ ಮೆಗಾಪಿಕ್ಸೆಲ್ ನೋಡುವುದು ಬಿಟ್ಟು ಕಣ್ಣಿಡುವ ಕಿಂಡಿ ನೋಡತೊಡಗಿದೆ. ಯೋಚಿಸಿ ನೋಡಿ. ಆಟೋಫೋಕಸ್ ವೇಗ, ಸೆಕೆಂಡಿಗೆ ಎಷ್ಟು ಫೋಟೋ ಅಂತೆಲ್ಲ ಜನ ಹೊಡೆದಾಡುವ ವಿಷಯ ನಮ್ಮ ಕೆಲಸಕ್ಕೆ ಬರುವುದೇ ಇಲ್ಲ. ಕೈಯಲ್ಲಿ ರಿಂಗ್ ತಿರುಗಿಸುವವನಿಗೆ ಫೋಕಸ್ ಕೂತಿತಾ ಇಲ್ಲವಾ ಅಂತ ತೋರಿಸುವ ಕ್ಯಾಮೆರಾ ಬೇಕು. ಆ ಕೆಲಸಕ್ಕೆ ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾ ಸರಿ. ಸೆನ್ಸರ್ ಕಂಡದ್ದನ್ನೇ ಕಿಂಡಿಯೊಳಗೆ ತೋರಿಸುತ್ತದೆ, ಬೇಕಾದ ಜಾಗವನ್ನು ದೊಡ್ಡದು ಮಾಡಿ ನೋಡಬಹುದು. ಕನ್ನಡಿ ಇಲ್ಲದ್ದರಿಂದ ಬಾಡಿಯೂ ತೆಳ್ಳಗೆ. ಸೋನಿ ಇ ಮೌಂಟಿನ ಅಳತೆ 18 ಎಂಎಂ ಮಾತ್ರ. ಯಾವ ಹಳೆ ಎಸ್ಎಲ್ಆರ್ ಲೆನ್ಸೇ ಇರಲಿ, ನಡುವೆ ಒಂದು ಟೊಳ್ಳು ಕೊಳವೆ ಇಟ್ಟರೆ ಕೂರುತ್ತದೆ.

ಸಹೋದ್ಯೋಗಿಯ ಸೋನಿ ಎ6000 ಒಂದು ಭಾನುವಾರ ಬಳಸಿದೆ. ಒಳ್ಳೆ ಕ್ಯಾಮೆರಾ, ಬೆಲೆಯೂ ಕಡಿಮೆ. ಆದರೆ ಸೆನ್ಸರ್ ಚಿಕ್ಕದು. 58ರ ಲೆನ್ಸ್ 87ರ ಹಾಗೆ ಕಾಣುತ್ತದೆ. ದೊಡ್ಡಪ್ಪನ ಮನೆಯ ಹಜಾರದಲ್ಲಿ ನಾಲ್ಕು ಜನರನ್ನು ನಿಲ್ಲಿಸಿ ತೆಗೆಯಬೇಕಾದರೆ ನಾನು ಅಂಗಳಕ್ಕಿಳಿಯಬೇಕಾಯಿತು. ಹೆಲಿಯೋಸ್ ಹಿನ್ನೆಲೆಯನ್ನು ಸುಳಿಯ ಹಾಗೆ ಸುತ್ತಿಸುತ್ತದೆ ಅಂತ ಹೆಸರಾದ ಲೆನ್ಸ್. ಆ ಸುಳಿ ಇರುವುದು ಅಂಚಿನಲ್ಲಿ, ಚಿಕ್ಕ ಸೆನ್ಸರ್ ಅಂಚನ್ನೇ ಕತ್ತರಿಸಿಬಿಡುತ್ತದೆ. ಇನ್ನೂ ಚಿಕ್ಕ ಸೆನ್ಸರಿನ ಒಲಿಂಪಸ್ಸಿನಲ್ಲಿ ಮತ್ತೂ ಜಾಸ್ತಿ, 58 ಹೋಗಿ 116. ಹಕ್ಕಿ ತೆಗೆಯುವವರಿಗೆ ಅದೇ ಲಾಭ ಇರಬಹುದು. ನನಗೆ ಫುಲ್ ಫ್ರೇಮೇ ಬೇಕು ಅಂತ ಅಲ್ಲಿಗೆ ತೀರ್ಮಾನವಾಯಿತು. ಉಳಿದದ್ದು 2013ರ ಸೋನಿ ಎ7, ಇಲ್ಲವೇ ಅದರ ಮುಂದಿನ ವರ್ಷ ಬಂದ ಎ7 ಮಾರ್ಕ್ 2. ಎರಡಕ್ಕೂ ಸೆನ್ಸರ್ 24 ಮೆಗಾಪಿಕ್ಸೆಲ್. ಮಾರ್ಕ್ 2 ಭಾರ, ಆದರೆ ಅದರಲ್ಲಿ ಸೆನ್ಸರೇ ಅಲುಗಾಡಿ ಕೈನಡುಕ ತಡೆಯುತ್ತದೆ. ಹಳೆ ಲೆನ್ಸಿನಲ್ಲಿ ಇಂಥ ಸೌಕರ್ಯ ಎಲ್ಲಿಂದ ಬರಬೇಕು? 135ರ ಲೆನ್ಸ್ ಇರುವವರು ಮಾರ್ಕ್ 2ಕ್ಕೆ ಇನ್ನಷ್ಟು ದುಡ್ಡು ಸೇರಿಸುವುದೇ ವಾಸಿ.

ಮೂಡಿಗೆರೆ ಕಡೆ ತೋಟದ ಮನೆಯೊಂದರಲ್ಲಿ ಮಾರ್ಕ್ 2 ಇದೆ, ಕಡಿಮೆಗೆ ಕೊಡುತ್ತಾರೆ ಅಂತ ಸುದ್ದಿ ಬಂತು. ಹೋದೆ. ಕಾಫಿ ಕೊಟ್ಟರು, ಅಕ್ಕಿರೊಟ್ಟಿ ಕೊಟ್ಟರು, ಕ್ಯಾಮೆರಾ ಚರ್ಮದ ಚೀಲದಲ್ಲಿತ್ತು. ಚೀಲ ತೆರೆದ ಕೂಡಲೇ ಗೊತ್ತಾಯಿತು. ಮಳೆಗಾಲದ ಬೀರುವಿನ ವಾಸನೆ. ಮಲೆನಾಡಿನಲ್ಲಿ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ನೋಡುವಾಗ ಮೊದಲು ಮೂಸಿ ನೋಡಿ, ನಾಚಿಕೊಳ್ಳಬೇಡಿ. ಆದರೂ ಲೆನ್ಸ್ ಹಾಕಿ ಎಫ್/16ಕ್ಕೆ ಇಟ್ಟು, ಫೋಕಸ್ ಬೇಕೆಂದೇ ಕೆಡಿಸಿ, ಬಿಳಿ ಆಕಾಶದ ಫೋಟೋ ತೆಗೆದೆ. ದೂಳಾಗಿದ್ದರೆ ದುಂಡನೆಯ ಚುಕ್ಕೆ ಬರುತ್ತದೆ, ಒರೆಸಿದರೆ ಹೋಗುತ್ತದೆ. ಇದರಲ್ಲಿ ಬೇರಿನ ಹಾಗೆ ಕವಲೊಡೆದ ಗೆರೆಗಳಿದ್ದವು. ಸೆನ್ಸರ್ ಮೇಲಿನ ಗಾಜಿಗೇ ಬೂಷ್ಟು. ಮನೆಯವರು ಒಳ್ಳೆಯವರು, ಅವರಿಗೂ ಗೊತ್ತಿರಲಿಲ್ಲ. ರೊಟ್ಟಿ ತಿಂದು ಕ್ಯಾಮೆರಾ ಬೇಡ ಅಂತ ಹೇಳುವುದು ಎಷ್ಟು ಕಷ್ಟ ಅನ್ನುವುದು ಆವತ್ತು ತಿಳಿಯಿತು.

ಕೊನೆಗೆ ಮಾರ್ಕ್ 2 ತಗೊಂಡದ್ದು ಬೆಂಗಳೂರಿನಲ್ಲಿ, 42 ಸಾವಿರಕ್ಕೆ. ಹೆಲಿಯೋಸ್ ಮತ್ತು ಅಡಾಪ್ಟರ್ ಜೇಬಿನಲ್ಲಿಟ್ಟುಕೊಂಡೇ ರೈಲು ಹತ್ತಿದ್ದೆ. ಮಾರುವವರ ಲೆನ್ಸ್ ಹಾಕಿ ನೋಡಿದರೆ ಪ್ರಯೋಜನ ಇಲ್ಲ. ನಿಮ್ಮದನ್ನೇ ಹಾಕಿ. ಮೊದಲ ಸಲ ಒತ್ತಿದಾಗ ಶಟರ್ ಬೀಳುವುದೇ ಇಲ್ಲ, ಗಾಬರಿಯಾಗಬೇಡಿ. ಚಿಪ್ ಇಲ್ಲದ ಲೆನ್ಸನ್ನು ಕ್ಯಾಮೆರಾ ಲೆನ್ಸ್ ಅಂತ ಒಪ್ಪುವುದಿಲ್ಲ. ಲೆನ್ಸ್ ಇಲ್ಲದಿದ್ದರೂ ಶಟರ್ ಬಿಡು ಅನ್ನುವ ಆಯ್ಕೆ ಮೆನುವಿನಲ್ಲಿದೆ, ಅದನ್ನು ಆನ್ ಮಾಡಬೇಕು.

ಕಿಂಡಿಯೊಳಗೆ ಹಳದಿ ಕಲೆ ಇದೆಯಾ ನೋಡಿದೆ. ಕಣ್ಣಿಡುವ ಕಡೆಯಿಂದ ಬಿಸಿಲು ಬೀಳುವ ಹಾಗೆ ಕ್ಯಾಮೆರಾವನ್ನು ಕಾರಿನಲ್ಲೋ ಕಿಟಕಿಯಲ್ಲೋ ಇಟ್ಟಿದ್ದರೆ ಒಳಗಿನ ಪುಟ್ಟ ಸ್ಕ್ರೀನ್ ಸುಟ್ಟಿರುತ್ತದೆ. ನಮ್ಮ ಕೆಲಸವೆಲ್ಲ ಆ ಕಿಂಡಿಯಲ್ಲೇ ಇರುವುದರಿಂದ ಇದಕ್ಕೆ ಹತ್ತು ನಿಮಿಷ ಕೊಟ್ಟೆ. ಆಮೇಲೆ ಲೆನ್ಸ್ ಹಿಡಿದು ಮೆಲ್ಲಗೆ ಅಲುಗಿಸಿದೆ, ಮೌಂಟ್ ಸಡಿಲ ಇದ್ದರೆ ಕೈಗೆ ತಿಳಿಯುತ್ತದೆ. ಮುಚ್ಚಳ ಹಾಕಿ ಮೂವತ್ತು ಸೆಕೆಂಡಿನ ಒಂದು ಫೋಟೋ, ಕತ್ತಲಲ್ಲೂ ಹೊಳೆಯುವ ಕೆಟ್ಟ ಪಿಕ್ಸೆಲ್ ನೋಡಲು. ಹೊರಗೆ ಗೀರಿದ್ದವು, ಹಿಂದಿನ ಸ್ಕ್ರೀನಿನ ಮೇಲ್ಪದರ ಮೂಲೆಯಲ್ಲಿ ಎದ್ದಿತ್ತು. ಅದನ್ನೇ ತೋರಿಸಿ ಮೂರು ಸಾವಿರ ಇಳಿಸಿದೆ. ಬ್ಯಾಟರಿ ಚಿಕ್ಕದು, ಕಂಪನಿ ಲೆಕ್ಕದಲ್ಲೇ ಒಂದು ಚಾರ್ಜಿಗೆ 300 ಫೋಟೋ ಆಸುಪಾಸು. ಇನ್ನೆರಡು ಜೊತೆಗೇ ತಗೊಂಡೆ.

ಅಡಾಪ್ಟರ್ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಿ ಮತ್ತೆ ಕೈ ಸುಟ್ಟುಕೊಂಡೆ. ಮೊದಲು ತಂದದ್ದು ಒಳಗೆ ಹೊಳೆಯುತ್ತಿತ್ತು. ಬಿಸಿಲಿಗೆ ಎದುರಾಗಿ ತೆಗೆದರೆ ಫೋಟೋ ನಡುವೆ ಬೆಳ್ಳನೆಯ ತೇಪೆ. ನಾನು ಲೆನ್ಸನ್ನು ಬೈದೆ. ಕೊಳವೆಯ ಒಳಗೆ ಕಪ್ಪು ವೆಲ್ವೆಟ್ ಕಾಗದ ಅಂಟಿಸಿದ ಮೇಲೆ ತೇಪೆ ಹೋಯಿತು. ಅಗ್ಗದ ಅಡಾಪ್ಟರ್‌ಗಳನ್ನು ಬೇಕೆಂದೇ ಚೂರು ಗಿಡ್ಡ ಮಾಡಿರುತ್ತಾರೆ, ದೂರದ ಫೋಕಸ್ ತಪ್ಪದಿರಲಿ ಅಂತ. ಹಾಗಾಗಿ ಲೆನ್ಸಿನ ಮೇಲೆ ಬರೆದ ಅಡಿ, ಮೀಟರ್ ಲೆಕ್ಕ ನಂಬಬೇಡಿ.

ಫೋಕಸ್ ಅಂಚಿಗೆ ಬಣ್ಣ ಬಳಿದು ತೋರಿಸುವ ಪೀಕಿಂಗ್ ಇದೆ. ಶುರುವಿನಲ್ಲಿ ಭಾರಿ ಖುಷಿಯಾಯಿತು, ವಾರದಲ್ಲಿ ಬಿಟ್ಟೆ. ಎಫ್/2ರಲ್ಲಿ ಅದು ಕಣ್ಣಿಗೂ ಬಣ್ಣ ಹಚ್ಚುತ್ತದೆ, ಕಿವಿಗೂ ಹಚ್ಚುತ್ತದೆ. ಒಂದು ಗುಂಡಿಗೆ ಝೂಮ್ ಕೊಟ್ಟುಕೊಂಡಿದ್ದೇನೆ. 5.9 ಪಟ್ಟು ಸಾಕು. ಇನ್ನೂ ಒತ್ತಿದರೆ 11.7 ಪಟ್ಟು ಆಗುತ್ತದೆ, ಆಗ ಉಸಿರಾಡಿದರೂ ಚಿತ್ರ ಓಡುತ್ತದೆ. ಇನ್ನೊಂದು, ಕೈನಡುಕ ತಡೆಯುವುದಕ್ಕೆ ಲೆನ್ಸ್ ಎಷ್ಟು ಎಂಎಂ ಅಂತ ನಾವೇ ಹೇಳಬೇಕು. ಒಮ್ಮೆ 135 ಅಂತ ಇದ್ದದ್ದನ್ನು ಬದಲಿಸದೆ 50 ಹಾಕಿ ಇಡೀ ನಾಮಕರಣ ತೆಗೆದೆ. ಇಲ್ಲದ ನಡುಕವನ್ನು ಕ್ಯಾಮೆರಾವೇ ಹುಟ್ಟಿಸಿತ್ತು. ಕತ್ತಲೆ ಕೋಣೆಯ ಫೋಟೋ ಒಂದೂ ಉಳಿಯಲಿಲ್ಲ, ಅತ್ತಿಗೆ ಇನ್ನೂ ಕೇಳುತ್ತಿರುತ್ತಾರೆ.

ಕ್ಯಾಮೆರಾ ತಂದು ದೊಡ್ಡಪ್ಪನ ಕೈಗೆ ಕೊಟ್ಟಾಗ ಅವರು ಬಾಡಿ ನೋಡಲೇ ಇಲ್ಲ. ಮೊದಲು ರಿಂಗ್ ತಿರುಗಿಸಿದರು. ಗ್ರೀಸ್ ಒಣಗಿ ಬಿಗಿಯಾಗಿತ್ತು. "ಒಲೆ ಮೇಲೆ ಇಟ್ಟದ್ದು ಜಾಸ್ತಿಯಾಯ್ತು" ಅಂದರು. ಆಮೇಲೆ ಕಣ್ಣಿಟ್ಟು, "ಏನೋ ಇದು, ಒಳಗೆ ಟೀವಿ ಇಟ್ಟಿದ್ದಾರೆ!" ಅಂತ ನಕ್ಕರು. ಅವರ ಕನ್ನಡಕದ ನಂಬರಿಗೆ ಕಿಂಡಿಯ ಪಕ್ಕದ ಚಕ್ರ ತಿರುಗಿಸಿಕೊಟ್ಟೆ, ಝೂಮ್ ಗುಂಡಿ ತೋರಿಸಿದೆ. ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ದೊಡ್ಡಮ್ಮನ ಕಡೆ ತಿರುಗಿದರು. ರಿಂಗ್ ಒಂಚೂರು ಮುಂದೆ, ಒಂಚೂರು ಹಿಂದೆ. ನನಗಿಂತ ಬೇಗ ಫೋಕಸ್ ಕೂತಿತು. "ಗುಂಡು ಇಲ್ಲದಿದ್ರೂ ನಡೆಯುತ್ತೆ ಬಿಡು" ಅಂದರು.

ಪೆಂಟಾಕಾನ್ ಬೂಷ್ಟು ತೆಗೆಸಲು ಕೊಟ್ಟಿದ್ದೆ. ಗಾಜಿನ ಮೇಲಿನ ಲೇಪವನ್ನೇ ತಿಂದಿದೆ, ಕಲೆ ಪೂರ್ತಿ ಹೋಗುವುದಿಲ್ಲ ಅಂದರು. ಹಾಗೇ ಬಳಸುತ್ತಿದ್ದೇನೆ. ಬೆಳಕು ಬೆನ್ನ ಹಿಂದಿದ್ದರೆ ಏನೂ ಗೊತ್ತಾಗುವುದಿಲ್ಲ. ಅದನ್ನು ಮಾತ್ರ ಉಳಿದೆರಡರ ಡಬ್ಬಿಯಲ್ಲಿ ಇಡುವುದಿಲ್ಲ, ಬೇರೆ ಡಬ್ಬಿ, ಬೇರೆ ಸಿಲಿಕಾ ಜೆಲ್.