ಮಳೆಗಾಲದಲ್ಲಿ ಮುಂಬೈಗೆ ಕ್ಯಾಮೆರಾ ಹಿಡಿದು ಹೋಗುವವರಿಗೆ

ಜುಲೈನಲ್ಲಿ ಮುಂಬೈ ನೋಡೋಕೆ ಹೋಗ್ತೀನಿ ಅಂದರೆ ಸಿಕ್ಕವರೆಲ್ಲ ಹೇಳುವುದು ಒಂದೇ ಮಾತು, ಡಿಸೆಂಬರ್‌ಗೆ ಹೋಗು ಅಂತ. ಬರೀ ಊರು ಸುತ್ತುವುದಾದರೆ ಅವರು ಹೇಳುವುದು ಸರಿ. ಫೋಟೊ ತೆಗೆಯುವ ಆಸೆ ಇದ್ದರೆ ಮಾತ್ರ ಜುಲೈಗೇ ಹೋಗಿ. ಚಳಿಗಾಲದಲ್ಲಿ ಆ ಊರಿನ ಮೇಲೆ ಧೂಳು, ಹೊಗೆ ಮುಸುಕಿರುತ್ತದೆ. ಮಳೆ ಬಿದ್ದ ಮೇಲೆ ಹಳೇ ಕಲ್ಲಿನ ಕಟ್ಟಡಗಳಿಗೆ ಬಣ್ಣ ಬರುತ್ತದೆ, ರಸ್ತೆ ಕನ್ನಡಿ ಆಗುತ್ತದೆ, ಮಧ್ಯಾಹ್ನ 1 ಗಂಟೆಗೂ ಬೆಳಕು ಮೆತ್ತಗಿರುತ್ತದೆ. ಬಿಸಿಲಿನ ದಿನ ಇದು ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಸಿಕ್ಕಿದರೆ ಹೆಚ್ಚು.

ನಾಲ್ಕು ಮಳೆಗಾಲ ಹೀಗೆ ಹೋಗಿ ಬಂದಿದ್ದೇನೆ. ಮೊದಲ ಸಲ ಬಾಂದ್ರಾ, ಜುಹು, ಹಾಜಿ ಅಲಿ, ಗೇಟ್‌ವೇ ಅಂತ ಉದ್ದ ಪಟ್ಟಿ ಮಾಡಿಕೊಂಡು ಹೋಗಿದ್ದೆ. ಅರ್ಧ ದಿನ ಟ್ಯಾಕ್ಸಿಯ ಒಳಗೇ ಕಳೆಯಿತು. ಆಮೇಲೆ ಗೊತ್ತಾದದ್ದು ಇಷ್ಟು: ಮಳೆಯ ದಿನ ಜಾಗದ ಪಟ್ಟಿ ಹಿಡಿದು ಓಡಬಾರದು. ಎರಡೇ ಎರಡು ಲೆಕ್ಕ ಇಟ್ಟುಕೊಳ್ಳಬೇಕು. ಸಮುದ್ರದ ಉಬ್ಬರ ಎಷ್ಟು ಹೊತ್ತಿಗೆ, ಮತ್ತು ತಲೆ ಮೇಲೆ ಸೂರು ಎಲ್ಲೆಲ್ಲಿ ಸಿಗುತ್ತದೆ.

ಉಬ್ಬರದ ವಿಷಯ ಮೊದಲು ಹೇಳುತ್ತೇನೆ, ಯಾಕಂದರೆ ಇದು ಬರೀ ಫೋಟೊದ ಪ್ರಶ್ನೆ ಅಲ್ಲ. ಮುಂಬೈಯ ಎಷ್ಟೋ ಭಾಗ ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ ತಗ್ಗು ನೆಲ. ಮಳೆ ನೀರಿನ ಚರಂಡಿಗಳು ಸಮುದ್ರಕ್ಕೇ ತೆರೆದುಕೊಳ್ಳುತ್ತವೆ. ಉಬ್ಬರ ಏರಿದಾಗ ಆ ನೀರು ಹೊರಗೆ ಹೋಗುವುದಿಲ್ಲ. ಅದೇ ಹೊತ್ತಿಗೆ ಜೋರು ಮಳೆಯೂ ಹಿಡಿದರೆ ಹಿಂದ್‌ಮಾತಾ, ಸಯನ್, ಕಿಂಗ್ಸ್ ಸರ್ಕಲ್, ಕುರ್ಲಾ, ಅಂಧೇರಿ ಸಬ್‌ವೇ ಇಲ್ಲೆಲ್ಲ ನೀರು ನಿಲ್ಲುತ್ತದೆ, ಲೋಕಲ್ ರೈಲೂ ನಿಲ್ಲುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಬೆಂಗಳೂರಿಗೆ ಇಡೀ ವರ್ಷಕ್ಕೆ ಬೀಳುವಷ್ಟು ಮಳೆ ಅದು, ಹೆಚ್ಚು ಕಡಿಮೆ.

ಆದ್ದರಿಂದ ಹಿಂದಿನ ರಾತ್ರಿ ಎರಡು ವಿಷಯ ನೋಡಿಕೊಳ್ಳಿ. ಹವಾಮಾನ ಇಲಾಖೆಯ ಮುನ್ಸೂಚನೆ ರೆಡ್ ಅಲರ್ಟ್ ಇದ್ದರೆ ರೂಮಿನಲ್ಲೇ ಇರಿ, ಕಿಟಕಿಯಿಂದ ತೆಗೆಯಿರಿ. ಹಳದಿ ಇದ್ದರೆ ಧಾರಾಳವಾಗಿ ಹೊರಡಿ. ಕಿತ್ತಳೆ ಇದ್ದರೆ ಉಬ್ಬರದ ಪಟ್ಟಿಯನ್ನೂ ನೋಡಿ ತೀರ್ಮಾನಿಸಿ. ಉಬ್ಬರ 4.5 ಮೀಟರ್ ದಾಟುವ ದಿನ ಪಾಲಿಕೆಯವರೇ ಎಚ್ಚರಿಕೆ ಕೊಡುತ್ತಾರೆ. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅದರ ಮರುದಿನಗಳಲ್ಲಿ ಉಬ್ಬರ ದೊಡ್ಡದು, ಮುಂಬೈಯಲ್ಲಿ ಆ ದಿನಗಳ ಉಬ್ಬರ ಬರುವುದು ಸಾಮಾನ್ಯವಾಗಿ ಮಧ್ಯಾಹ್ನ 12ರಿಂದ 2ರ ಆಸುಪಾಸಿಗೆ. ಮರೀನ್ ಡ್ರೈವ್‌ನಲ್ಲಿ ಗೋಡೆ ಹಾರುವ ಅಲೆ ಬೇಕು ಅನ್ನುವವರು ತಾರೀಖು ಗೊತ್ತು ಮಾಡುವಾಗ ಕ್ಯಾಲೆಂಡರಿನಲ್ಲಿ ತಿಥಿ ನೋಡಿಕೊಳ್ಳಿ. ಮಂಗಳೂರು ಕಡೆಯಿಂದ ಬರುವವರಿಗೆ ಇನ್ನೊಂದು ಮಾತು, ಕೊಂಕಣ ರೈಲ್ವೆಗೆ ಮಳೆಗಾಲದ ವೇಳಾಪಟ್ಟಿಯೇ ಬೇರೆ, ರೈಲು ನಿಧಾನ. ತಲುಪಿದ ದಿನವೇ ಸುತ್ತುವ ಪ್ಲ್ಯಾನ್ ಬೇಡ.

ಈಗ ಸಾಮಾನು. ದುಬಾರಿ ರೇನ್ ಕವರ್ ಇಲ್ಲದಿದ್ದರೂ ನಡೆಯುತ್ತದೆ. ದಪ್ಪ ಪ್ಲಾಸ್ಟಿಕ್ ಕವರಿಗೆ ಲೆನ್ಸ್ ಅಳತೆಯ ತೂತು ಮಾಡಿ ರಬ್ಬರ್ ಬ್ಯಾಂಡ್ ಹಾಕಿದರೆ ಸಾಕು. ಲೆನ್ಸ್ ಹುಡ್ ಮಾತ್ರ ಇರಲೇಬೇಕು, ಹನಿ ಗಾಜಿನ ಮೇಲೆ ಬೀಳದ ಹಾಗೆ ತಡೆಯುವುದು ಅದೇ. ಒರೆಸುವ ಬಟ್ಟೆ ಒಂದಲ್ಲ, ನಾಲ್ಕಾದರೂ ಇರಲಿ, ಬೇರೆ ಬೇರೆ ಜಿಪ್ ಕವರಿನಲ್ಲಿ. ಒಂದು ಒದ್ದೆಯಾದರೆ ಅದು ಮುಗಿಯಿತು ಅಂತಲೇ ಲೆಕ್ಕ. ಒಂದೇ ಲೆನ್ಸ್ ಹಾಕಿಕೊಂಡು ಹೊರಡಿ, ರಸ್ತೆಯಲ್ಲಿ ಬದಲಾಯಿಸಬೇಡಿ. ನಾನು 24-105 ಎಂಎಂ ಜೂಮ್ ಲೆನ್ಸ್ ಒಂದರಲ್ಲೇ ದಿನ ಕಳೆಯುತ್ತೇನೆ. ಕಾಲಿಗೆ ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ ಒಳ್ಳೆಯದು, ಶೂ ಒದ್ದೆಯಾದರೆ ಎರಡು ದಿನ ಒಣಗುವುದಿಲ್ಲ.

ಮಳೆಗಿಂತ ಜಾಸ್ತಿ ಕಾಟ ಕೊಡುವುದು ಎಸಿ. ತಣ್ಣಗಿನ ಹೋಟೆಲ್ ರೂಮಿನಿಂದಲೋ ಮೆಟ್ರೋದಿಂದಲೋ ಹೊರಗೆ ಬಂದು ಕ್ಯಾಮೆರಾ ತೆಗೆದರೆ ಲೆನ್ಸ್ ಮೇಲೆ ತಕ್ಷಣ ಹಬೆ ಕಟ್ಟುತ್ತದೆ. ಒರೆಸಿದಷ್ಟೂ ಮತ್ತೆ ಬರುತ್ತದೆ, ಗಾಜು ತಣ್ಣಗಿರುವವರೆಗೂ ಅದು ಹೋಗುವುದಿಲ್ಲ. ಒಂದು ಸಲ ಫ್ಲೋರಾ ಫೌಂಟೇನ್ ಎದುರು ಕೊಡೆಗಳ ಸಾಲು ದಾಟುತ್ತಿದ್ದಾಗ ನನ್ನ ಲೆನ್ಸ್ ಹೀಗೇ ಬೆಳ್ಳಗಾಗಿತ್ತು. ಅಂಥ ಸಾಲು ಮತ್ತೆ ನನಗೆ ಸಿಗಲಿಲ್ಲ. ಹೊರಗೆ ಬಂದ ಮೇಲೆ ಬ್ಯಾಗು ಮುಚ್ಚಿದ ಹಾಗೇ 15-20 ನಿಮಿಷ ಬಿಡಿ. ಟ್ಯಾಕ್ಸಿಯಲ್ಲಿ ಇಳಿಯುವ ಹತ್ತು ನಿಮಿಷ ಮೊದಲೇ ಎಸಿ ಆಫ್ ಮಾಡಿ, ಕಿಟಕಿ ಸ್ವಲ್ಪ ಇಳಿಸಿ ಅಂತ ಕೇಳಿಕೊಳ್ಳಿ.

ಬೆಳಿಗ್ಗೆ 6ಕ್ಕೆ ದಾದರ್‌ನಲ್ಲಿರಿ. ಸ್ಟೇಷನ್‌ನ ಪಶ್ಚಿಮ ಬದಿಗೆ ಇಳಿದರೆ ಫ್ಲೈಓವರ್ ಕೆಳಗೇ ಹೂವಿನ ಮಾರ್ಕೆಟ್. ಚೆಂಡುಹೂವಿನ ಗುಡ್ಡೆ, ತಲೆ ಮೇಲೆ ಬುಟ್ಟಿ, ಕಾಲ ಕೆಳಗೆ ಕೊಚ್ಚೆ. ಜಾಸ್ತಿ ಹೊತ್ತು ನಿಲ್ಲಬೇಕಾದ ಜಾಗ ಇದು. ಒಂದು ತೊಂದರೆ ಅಂದರೆ ನೀಲಿ ಟಾರ್ಪಾಲು. ಅದರಡಿ ಕೂತವರ ಮುಖ ಪೂರ್ತಿ ನೀಲಿಯಾಗಿ ಬರುತ್ತದೆ, ಮನೆಗೆ ಬಂದು ಸರಿ ಮಾಡಲು ಹೋದರೆ ಹೂವಿನ ಬಣ್ಣ ಕೆಡುತ್ತದೆ. ಟಾರ್ಪಾಲಿನ ಅಂಚಿನಲ್ಲಿ, ಹೊರಗಿನ ಬೆಳಕು ಮುಖಕ್ಕೆ ಬೀಳುವ ಕಡೆ ಕೂತವರನ್ನು ನೋಡಿ. ಕೇಳಿಯೇ ತೆಗೆಯಿರಿ. ಕ್ಯಾಮೆರಾ ತೋರಿಸಿ ತಲೆ ಆಡಿಸಿದರೂ ಸಾಕು, ಬೇಡ ಅಂದರೆ ಮುಂದೆ ಹೋಗಿ. ಅವರಿಗೆ ಅದು ವ್ಯಾಪಾರದ ಹೊತ್ತು, ದಾರಿಗೆ ಅಡ್ಡ ನಿಲ್ಲಬೇಡಿ, ಹತ್ತಿಪ್ಪತ್ತು ರೂಪಾಯಿಯ ಹೂವು ಕೊಳ್ಳಿ.

ಅಲ್ಲಿಂದ ಸ್ಲೋ ಲೋಕಲ್‌ನಲ್ಲಿ ಒಂದೇ ಸ್ಟೇಷನ್ ಉತ್ತರಕ್ಕೆ ಹೋದರೆ ಮಾಟುಂಗಾ. ಸೆಂಟ್ರಲ್ ಲೈನ್ ಹತ್ತಬೇಕು, ಫಾಸ್ಟ್ ಅಲ್ಲಿ ನಿಲ್ಲುವುದಿಲ್ಲ. 2017ರಿಂದ ಆ ಸ್ಟೇಷನ್ ನಡೆಸುತ್ತಿರುವವರು ಪೂರ್ತಿ ಮಹಿಳಾ ಸಿಬ್ಬಂದಿ. ಹೊರಗೆ ಬಂದರೆ ಮಲ್ಲಿಗೆ ಮಾಲೆ, ಬಾಳೆ ಎಲೆ, ಕಾಫಿ ಪುಡಿಯ ವಾಸನೆ, ನಮ್ಮೂರೇ ಅನ್ನಿಸುತ್ತದೆ. ಮೈಸೂರು ಅಸೋಸಿಯೇಷನ್ ಇರುವುದೂ ಇಲ್ಲೇ, ಭಾವು ದಾಜಿ ರಸ್ತೆಯಲ್ಲಿ. ಕೆಫೆ ಮದ್ರಾಸ್, ಕೆಫೆ ಮೈಸೂರ್ ಎರಡೂ ಕಿಂಗ್ಸ್ ಸರ್ಕಲ್ ಹತ್ತಿರ. ಭಾನುವಾರ ಸಾಲು ಉದ್ದ ಇರುತ್ತದೆ, ವಾರದ ದಿನ ಬೇಗ ಹೋದರೆ ಜಾಗ ಸಿಗುತ್ತದೆ. ಕನ್ನಡದಲ್ಲೇ ಮಾತಾಡಿಸಿ ನೋಡಿ. ಹಬೆಯಾಡುವ ಕಾಫಿ, ಹಿಂದೆ ಒದ್ದೆ ಕಿಟಕಿ, ಈ ಚಿತ್ರ ಫೋನಿನಲ್ಲೇ ಚೆನ್ನಾಗಿ ಬರುತ್ತದೆ.

ತಿಂಡಿ ಆದ ತಕ್ಷಣ ದಕ್ಷಿಣಕ್ಕೆ ಹೋಗುವ ಲೋಕಲ್ ಹತ್ತಬೇಡಿ. 8ರಿಂದ 11ರವರೆಗೆ ಆಫೀಸಿಗೆ ಹೋಗುವವರ ರಶ್, ಬೆನ್ನಿಗೆ ಕ್ಯಾಮೆರಾ ಬ್ಯಾಗ್ ಹಾಕಿಕೊಂಡು ಅವರ ನಡುವೆ ನುಗ್ಗುವುದು ತಪ್ಪು ಕೂಡ. ಅಲ್ಲಿಯವರೆಗೆ ಹತ್ತಿರದ ಫೈವ್ ಗಾರ್ಡನ್ಸ್ ಕಡೆ ನಡೆಯಿರಿ. ದೊಡ್ಡ ಮಳೆ ಮರಗಳು, ದುಂಡು ಬಾಲ್ಕನಿಗಳ ಹಳೇ ಮನೆಗಳು, ರಸ್ತೆ ತುಂಬ ಉದುರಿದ ಎಲೆ.

11ರ ಮೇಲೆ ಸಿಎಸ್‌ಎಂಟಿಗೆ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲು ನಿಲ್ದಾಣಕ್ಕೆ ಬನ್ನಿ. ಹಳಬರ ಬಾಯಲ್ಲಿ ಅದು ಇನ್ನೂ ವಿಟಿ, ವಿಕ್ಟೋರಿಯಾ ಟರ್ಮಿನಸ್. ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ವಿನ್ಯಾಸ, 1878ರಲ್ಲಿ ಕೆಲಸ ಶುರುವಾಗಿ ಹತ್ತು ವರ್ಷ ಹಿಡಿಯಿತು, 2004ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಹಳದಿ ಮಾಲಾಡ್ ಕಲ್ಲು ಒದ್ದೆಯಾದಾಗ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ, ನೋಡಬೇಕು ಅದನ್ನು. ಗೇಟಿನ ಕಂಬಗಳ ಮೇಲೆ ಒಂದು ಕಡೆ ಸಿಂಹ, ಇನ್ನೊಂದು ಕಡೆ ಹುಲಿ ಇವೆ. ಪೂರ್ತಿ ಕಟ್ಟಡ ಹಿಡಿಯುವ ಹಟ ಬಿಟ್ಟು ಅವುಗಳನ್ನೂ ಹುಡುಕಿ. ಸ್ಟೇಷನ್ ಒಳಗೆ ದೊಡ್ಡ ಕ್ಯಾಮೆರಾ, ಟ್ರೈಪಾಡ್ ತೆಗೆದರೆ ರೈಲ್ವೆ ಪೊಲೀಸರು ತಡೆಯುತ್ತಾರೆ. 2008ರಲ್ಲಿ ಅಲ್ಲಿ ಉಗ್ರರ ದಾಳಿ ಆಗಿತ್ತು, ಅವರ ಜೊತೆ ವಾದ ಬೇಡ. ಗೇಟ್‌ವೇ ಕಡೆ ಹೋದರೂ ಅಷ್ಟೇ, ನೌಕಾಪಡೆಯ ಜಾಗದತ್ತ ಕ್ಯಾಮೆರಾ ತಿರುಗಿಸಬೇಡಿ. ಡ್ರೋನ್ ಅಂತೂ ಅನುಮತಿ ಇಲ್ಲದೆ ಹಾರಿಸುವ ಹಾಗೇ ಇಲ್ಲ.

ಸೂರಿನ ಲೆಕ್ಕ ಶುರುವಾಗುವುದು ಇಲ್ಲಿಂದ. ಸಿಎಸ್‌ಎಂಟಿ ಎದುರಿನ ಡಿ.ಎನ್. ರಸ್ತೆಯಲ್ಲಿ ಕಟ್ಟಡಗಳ ಕೆಳಗೆ ಕಮಾನಿನ ಮೊಗಸಾಲೆ ಸಾಲಾಗಿ ಹೋಗುತ್ತದೆ. ಎಷ್ಟೇ ಮಳೆ ಇರಲಿ, ಫ್ಲೋರಾ ಫೌಂಟೇನ್‌ವರೆಗೆ ಬಹಳ ಕಡೆ ನೆನೆಯದೆ ನಡೆಯಬಹುದು. ಕಮಾನಿನ ಒಳಗೆ ಕತ್ತಲೆ, ಹೊರಗೆ ಮಳೆಯ ಬೆಳಕು. ಒಳಗೆ ನಿಂತು ಹೊರಗೆ ನೋಡಿ ತೆಗೆದರೆ ಕಮಾನೇ ಚೌಕಟ್ಟು, ಕೊಡೆ ಹಿಡಿದವರು ನೆರಳಿನ ಗೊಂಬೆಗಳು. ಒಂದೇ ಕಮಾನಿನ ಎದುರು ಅರ್ಧ ಗಂಟೆ ನಿಂತರೂ ತಪ್ಪಿಲ್ಲ, ಚಿತ್ರ ನಿಮ್ಮ ಹತ್ತಿರ ನಡೆದುಕೊಂಡು ಬರುತ್ತದೆ. ಆಮೇಲೆ ಹಾರ್ನಿಮನ್ ಸರ್ಕಲ್, 1833ರ ಏಷ್ಯಾಟಿಕ್ ಸೊಸೈಟಿ ಕಟ್ಟಡದ ಬಿಳೀ ಮೆಟ್ಟಿಲು, ಕಾಲಾ ಘೋಡಾದ ನೀಲಿ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ). ಮಳೆ ಬಿಡದೇ ಹೊಡೆದರೆ ಜಹಾಂಗೀರ್ ಆರ್ಟ್ ಗ್ಯಾಲರಿ ಒಳಗೆ ಹೋಗಿ, ಟಿಕೆಟ್ ಇಲ್ಲ.

ಮಳೆ ಫೋಟೊದಲ್ಲಿ ಕಾಣುವುದೇ ಇಲ್ಲ ಅಂತ ತುಂಬ ಜನ ಹೇಳುತ್ತಾರೆ. ಬೆಳಕು ಹನಿಯ ಹಿಂದಿನಿಂದ ಬರಬೇಕು, ಹನಿಯ ಹಿಂದೆ ಕಪ್ಪು ಜಾಗ ಇರಬೇಕು. ಬಸ್ಸಿನ ಹೆಡ್‌ಲೈಟ್ ನಿಮ್ಮ ಕಡೆ ಬರುವಾಗ ಕ್ಲಿಕ್ ಮಾಡಿ, ಆಗ ಕಾಣುತ್ತದೆ. ಹನಿ ಹನಿಯಾಗಿ ಬೇಕಾದರೆ ಶಟರ್ 1/500 ಸೆಕೆಂಡ್ ಅಥವಾ ಅದಕ್ಕಿಂತ ವೇಗ, ಗೆರೆಯಾಗಿ ಬೇಕಾದರೆ 1/60ರ ಹತ್ತಿರ. ಬೆಳ್ಳಗಿನ ಮೋಡ ಫ್ರೇಮಿನಲ್ಲಿದ್ದರೆ ಜನ ಕಪ್ಪಾಗುತ್ತಾರೆ, ಎಕ್ಸ್‌ಪೋಷರ್ ಒಂದು ಸ್ಟಾಪ್ (ಬೆಳಕು ಎರಡರಷ್ಟು) ಏರಿಸಿ, ಇಲ್ಲವೇ ಆಕಾಶವನ್ನೇ ಬಿಡಿ. ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಹಾಕಿದ್ದರೆ ತೆಗೆದುಬಿಡಿ, ಅದು ರಸ್ತೆಯ ಪ್ರತಿಬಿಂಬವನ್ನೇ ಅಳಿಸುತ್ತದೆ. ಫೋನಿನವರು ಫೋನ್ ತಲೆಕೆಳಗು ಮಾಡಿ, ಲೆನ್ಸ್ ನಿಂತ ನೀರಿಗೆ ತೀರಾ ಹತ್ತಿರ ಬರುವ ಹಾಗೆ ಹಿಡಿಯಿರಿ. ಅಂಗೈಯಷ್ಟು ನೀರಿನಲ್ಲಿ ಇಡೀ ವಿಟಿ ಕಾಣಿಸುತ್ತದೆ.

ಆದರೆ ನಿಂತ ನೀರಿಗೆ ಇಳಿಯಬೇಡಿ. ಅಂಗೈಯಷ್ಟು ಬೇರೆ, ಮೊಣಕಾಲಷ್ಟು ಬೇರೆ. 2017ರ ಆಗಸ್ಟ್ 29ರ ಮಳೆಯಲ್ಲಿ ಮುಂಬೈಯ ಹೆಸರಾಂತ ವೈದ್ಯರೊಬ್ಬರು ತೆರೆದ ಮ್ಯಾನ್‌ಹೋಲ್‌ಗೆ ಬಿದ್ದು ತೀರಿಕೊಂಡರು. ನೀರಿನಡಿ ಏನಿದೆ ಅಂತ ಊರಿನವರಿಗೇ ಗೊತ್ತಾಗುವುದಿಲ್ಲ. ಕಾಲಿಗೆ ಗಾಯ ಇದ್ದರೆ ಇಲಿ ಜ್ವರದ ಭಯವೂ ಇದೆ, ಅಂಥ ನೀರು ತಾಗಿದರೆ ಡಾಕ್ಟರ್ ಹತ್ತಿರ ಹೋಗಿ.

ಉಬ್ಬರ ಮಧ್ಯಾಹ್ನಕ್ಕೆ ಇದ್ದರೆ ಕಾಲಾ ಘೋಡಾ ಆಮೇಲೆ ನೋಡಿ, ಮೊದಲು ಮರೀನ್ ಡ್ರೈವ್‌ಗೆ ಹೋಗಿ. ಚರ್ಚ್‌ಗೇಟ್‌ನಿಂದ ಹತ್ತು ನಿಮಿಷವೂ ಇಲ್ಲ. ಅಲೆ ಜೋರಿದ್ದಾಗ ಗೋಡೆಯ ಹತ್ತಿರ ಹೋಗಬೇಡಿ, ಕೆಳಗೆ ಅಲೆ ತಡೆಯಲು ಹಾಕಿದ ನಾಲ್ಕು ಕಾಲಿನ ಕಾಂಕ್ರೀಟ್ ಟೆಟ್ರಾಪಾಡ್‌ಗಳ ಮೇಲಂತೂ ಇಳಿಯಲೇಬೇಡಿ. ಪ್ರತಿ ಮಳೆಗಾಲ ಜನ ಹೀಗೇ ಕೊಚ್ಚಿ ಹೋಗುತ್ತಾರೆ, ಒಂದು ಫೋಟೊಗೆ ಅಷ್ಟು ಬೆಲೆ ಇಲ್ಲ. ರಸ್ತೆಯ ಈಚೆ ಬದಿಯಲ್ಲಿ ನಿಂತು ಜೂಮ್ ಮಾಡಿ, 1/1000 ಇಡಿ. ಅಲೆಯ ಜೊತೆ ದೂರದಲ್ಲಿ ನಿಂತ ಜನ, ಮಗುಚಿದ ಕೊಡೆ ಇದ್ದರೆ ಮಾತ್ರ ಅಲೆಯ ಎತ್ತರ ಗೊತ್ತಾಗುತ್ತದೆ. ಹಿಂದಿನ ಆರ್ಟ್ ಡೆಕೊ ಕಟ್ಟಡಗಳನ್ನು ಮರೆಯಬೇಡಿ, 2018ರಲ್ಲಿ ಅವಕ್ಕೂ ಯುನೆಸ್ಕೊ ಮಾನ್ಯತೆ ಸಿಕ್ಕಿದೆ. ಅಲೆಯ ತುಂತುರು ಉಪ್ಪು ನೀರು. ಫೋನಿಗೆ ನೀರು ತಾಗಿದರೂ ಏನೂ ಆಗಲ್ಲ ಅಂತ ಕಂಪನಿ ಹೇಳುವುದು ಸಿಹಿ ನೀರಿಗೆ, ಇದಕ್ಕಲ್ಲ. ಸಿಹಿ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಆಗಲೇ ಒರೆಸಿ. ಹಸಿವಾದರೆ ನಿಂಬೆ, ಖಾರ ಸವರಿದ ಸುಟ್ಟ ಜೋಳ ಇದೆ. ಕೂತು ತಿನ್ನಬೇಕಾದರೆ ಧೋಬಿ ತಲಾವ್‌ನ ಕ್ಯಾನಿ, 1904ರ ಇರಾನಿ ಕೆಫೆ, ಬನ್ ಮಸ್ಕಾ ಮತ್ತು ಚಹಾ.

ಸಂಜೆ 5ಕ್ಕೆ ಓವಲ್ ಮೈದಾನ. ಕೆಸರಿನಲ್ಲಿ ಹುಡುಗರ ಫುಟ್‌ಬಾಲ್, ಹಿಂದೆ 1878ರ ರಾಜಾಬಾಯಿ ಗಡಿಯಾರದ ಗೋಪುರ. ಚೆಂಡು ಒದ್ದಾಗ ಏಳುವ ಕೆಸರಿಗೆ ಕಾಯಿರಿ.

ಜುಲೈನಲ್ಲಿ ಸೂರ್ಯ ಮುಳುಗುವುದು 7:15, 7:20ಕ್ಕೆ. ಅಲ್ಲಿಂದ 20-25 ನಿಮಿಷ ಆಕಾಶ ಕಡು ನೀಲಿ ಇರುತ್ತದೆ, ದೀಪ ಹತ್ತಿರುತ್ತದೆ, ರಸ್ತೆ ಒದ್ದೆ ಇರುತ್ತದೆ. ಆ ಹೊತ್ತನ್ನು ಟ್ಯಾಕ್ಸಿಯಲ್ಲಿ ಕಳೆಯಬೇಡಿ, ಎಲ್ಲಿ ನಿಲ್ಲಬೇಕು ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ನನ್ನ ಆಯ್ಕೆ ವಿಟಿ ಎದುರಿನ ಚೌಕ. ಕಪ್ಪು-ಹಳದಿ ಟ್ಯಾಕ್ಸಿ, ಕೆಂಪು ಡಬಲ್ ಡೆಕ್ಕರ್, ಮನೆಗೆ ಓಡುವ ಸಾವಿರಾರು ಜನ. ಹಳೇ ಪದ್ಮಿನಿ ಟ್ಯಾಕ್ಸಿ, ಹಳೇ ಡೀಸೆಲ್ ಡಬಲ್ ಡೆಕ್ಕರ್ ಎರಡೂ 2023ರಲ್ಲಿ ನಿಂತವು, ಈಗಿನ ಡಬಲ್ ಡೆಕ್ಕರ್‌ಗಳು ಎಲೆಕ್ಟ್ರಿಕ್. ಅದು ನನಗೆ ಬೇಜಾರೇ, ಆದರೂ ಒದ್ದೆ ರಸ್ತೆಯಲ್ಲಿ ಆ ಕೆಂಪು ಕರಗಿದ ಹಾಗೆ ಕಾಣುವುದು ತಪ್ಪಿಲ್ಲ. ದೀಪಗಳು ಬೆಳ್ಳಗೆ ಸುಟ್ಟುಹೋಗದ ಹಾಗೆ ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ಕ್ಕೆ ಹೋದರೂ ಹೆದರಬೇಡಿ.

ರೂಮಿಗೆ ಬಂದ ಮೇಲೆ ಎಷ್ಟೇ ಸುಸ್ತಾಗಿದ್ದರೂ ಕ್ಯಾಮೆರಾವನ್ನು ಒದ್ದೆ ಬ್ಯಾಗಿನಲ್ಲಿ ಬಿಟ್ಟು ಮಲಗಬೇಡಿ. ನನ್ನದೊಂದು ಒಳ್ಳೆಯ ಲೆನ್ಸ್‌ಗೆ ಹಾಗೇ ಫಂಗಸ್ ಹಿಡಿಯಿತು. ಬ್ಯಾಟರಿ, ಕಾರ್ಡು ತೆಗೆಯಿರಿ, ಒರೆಸಿ, ಫ್ಯಾನಿನ ಕೆಳಗೆ ಒಣ ಟವೆಲ್ ಮೇಲೆ ರಾತ್ರಿಯಿಡೀ ಇಡಿ. ಅಕ್ಕಿ ಡಬ್ಬಿಯಲ್ಲಿ ಹೂಳಬೇಡಿ, ಅದರ ಪುಡಿ ಸಂದಿಗೆ ಹೋಗುತ್ತದೆ. ಬೆಳಿಗ್ಗೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಗೆ ಹಾಕಿ ಮುಚ್ಚಿ. ಕೊಡೆಯನ್ನು ಬಾತ್‌ರೂಮಿನಲ್ಲಿ ಬಿಚ್ಚಿಡಿ, ಹೊರಡುವಾಗ ಅಲ್ಲೇ ಮರೆಯಬೇಡಿ.