ಮಾತಾಡದ ಮಗು: ವಲಸೆ ಕುಟುಂಬದ ಮಕ್ಕಳನ್ನು ಗುರುತಿಸಿ ತರಗತಿಯೊಳಗೆ ಸೇರಿಸಿಕೊಳ್ಳುವ ಬಗೆ

ಬೆಂಗಳೂರಿನ ಹೊರವಲಯದ ಸರ್ಕಾರಿ ಶಾಲೆಗಳಲ್ಲಿ ಯಾದಗಿರಿ, ರಾಯಚೂರಿನಿಂದ ಗಾರೆ ಕೆಲಸಕ್ಕೆ ಬಂದವರ ಮಕ್ಕಳು ಮತ್ತು ತೆಲುಗು, ತಮಿಳು, ಹಿಂದಿ, ನೇಪಾಳಿ ಮನೆಮಾತಿನ ಮಕ್ಕಳು ಒಂದೇ ಕೊಠಡಿಯಲ್ಲಿ ಕೂರುತ್ತಾರೆ. ಇವರಲ್ಲಿ ಗಲಾಟೆ ಮಾಡುವ ಮಗು ಹೇಗೂ ಕಣ್ಣಿಗೆ ಬೀಳುತ್ತದೆ. ಬೋರ್ಡಿನಲ್ಲಿದ್ದುದನ್ನು ಅಂದವಾಗಿ ನಕಲು ಮಾಡಿಕೊಂಡು ಸುಮ್ಮನೆ ಕೂರುವ ಮಗು ಬೀಳುವುದಿಲ್ಲ. ಅದರ ನೋಟ್‌ಬುಕ್ ನೋಡಿ ಮೋಸಹೋಗಬೇಡಿ. ಬರೆದದ್ದರಲ್ಲಿ ಒಂದು ಪದ ಬಿಟ್ಟು ಉಳಿದದ್ದನ್ನು ಮುಚ್ಚಿ, ಆ ಪದವನ್ನು ಓದಿಸಿದರೆ ನಿಜ ತಿಳಿಯುತ್ತದೆ.

ಯಾರು ಮೌನಿಗಳು ಎಂಬುದನ್ನು ಊಹಿಸಬೇಡಿ, ಎಣಿಸಿ. ಅರ್ಧ ಹಾಳೆಯಲ್ಲಿ ಮಕ್ಕಳು ಕೂರುವ ಕ್ರಮದಲ್ಲಿ ಚೌಕಗಳನ್ನು ಹಾಕಿ. ನೀವು ಒಂದು ಮಗುವನ್ನು ಮಾತಾಡಿಸಿದಾಗ ಅಥವಾ ಅದು ಉತ್ತರಿಸಿದಾಗ ಅದರ ಚೌಕದಲ್ಲಿ ಒಂದು ಗೆರೆ ಎಳೆಯಿರಿ. ದಿನಕ್ಕೆ ಒಂದೇ ಪೀರಿಯಡ್, 5 ದಿನ ಸಾಕು. ಎಲ್ಲ ಪೀರಿಯಡ್‌ಗಳಲ್ಲಿ ಹಿಡಿದರೆ ಬುಧವಾರದೊಳಗೆ ಬಿಟ್ಟುಬಿಡುತ್ತೀರಿ. ಶನಿವಾರ ಖಾಲಿ ಉಳಿದ ಚೌಕಗಳೇ ನಿಮ್ಮ ಪಟ್ಟಿ.

ಆ ಮಕ್ಕಳನ್ನು ಬಿಸಿಯೂಟದ ಹೊತ್ತಿನಲ್ಲಿ, ಆಟದ ಬಯಲಿನಲ್ಲಿ ಗಮನಿಸಿ. ಅಲ್ಲಿ ಹರಟುವ ಮಗು ಒಳಗೆ ಸುಮ್ಮನಿದ್ದರೆ ಅದಕ್ಕೆ ಕಾರಣ ಭಾಷೆ ಅಥವಾ ಅಂಜಿಕೆ. ಎಲ್ಲೆಡೆಯೂ ಮೌನವಾಗಿದ್ದರೆ, ಮನೆಯಲ್ಲಿ ತನ್ನ ಮಾತಿನಲ್ಲಿ ಮಾತಾಡುತ್ತದೆಯೇ ಎಂದು ತಾಯಿಯನ್ನು ಕೇಳಿ. ಅಲ್ಲೂ ಇಲ್ಲವೆಂದರೆ ಶಾಲಾ ಆರೋಗ್ಯ ತಪಾಸಣೆಯಲ್ಲಿ ಕಿವಿ ಪರೀಕ್ಷೆ ಮಾಡಿಸಿ. ಹೊಸ ಭಾಷೆಯ ನಡುವೆ ಬಂದ ಮಗು ಕೆಲವು ತಿಂಗಳು ಬರೀ ಕೇಳಿಸಿಕೊಳ್ಳುವುದು ಸಹಜ. ಅದಕ್ಕೆ ‘ಮಂದ’ ಎಂಬ ಹಣೆಪಟ್ಟಿ ಹಚ್ಚುವುದು ಅನ್ಯಾಯ.

ಹೆಚ್ಚು ಕೈತಪ್ಪುವುದು ಕನ್ನಡದ್ದೇ ಮಗು. ದಾಖಲಾತಿಯಲ್ಲಿ ಮಾತೃಭಾಷೆ ಕನ್ನಡ ಎಂದಿರುತ್ತದೆ, ಹಾಗಾಗಿ ಭಾಷೆಯ ತೊಡಕಿಲ್ಲವೆಂದು ನಾವು ನಂಬುತ್ತೇವೆ. ಆದರೆ ಅದರ ಮನೆಯಲ್ಲಿ ಲಂಬಾಣಿ ಆಡುತ್ತಿರಬಹುದು. ಇಲ್ಲವೇ ಸ್ಲೇಟಿಗೆ ‘ಪಾಟಿ’ ಎಂದಾಗ ಒಮ್ಮೆ ತರಗತಿ ನಕ್ಕಿರಬಹುದು. ಆ ನಗುವನ್ನು ಅಲ್ಲೇ ನಿಲ್ಲಿಸಿ. ಮರುದಿನ ಪಾಠದಲ್ಲಿ ನೀವೇ ಎರಡೂ ಪದಗಳನ್ನು ಬಳಸಿ.

ಸೇರಿಸಿಕೊಳ್ಳುವ ಕೆಲಸ ಹೆಸರಿನಿಂದ ಶುರುವಾಗಲಿ. ಮಗುವಿನಿಂದಲೇ ಎರಡು ಸಲ ಹೇಳಿಸಿಕೊಂಡು ಸರಿಯಾಗಿ ಕರೆಯಿರಿ. ಜಾಗ ಎರಡನೇ ಸಾಲಿನ ನಡುವೆ ಇರಲಿ. ತೀರ ಮುಂದೆ ಕೂರಿಸಿದರೆ ಬೇರೆ ಮಕ್ಕಳು ಏನು ಮಾಡುತ್ತಿದ್ದಾರೆಂದು ನೋಡಿ ಕಲಿಯಲು ಆಗದು. ಪಕ್ಕಕ್ಕೆ ಒಬ್ಬ ಜೊತೆಗಾರರನ್ನು ಕೊಡಿ, 2 ವಾರಕ್ಕೊಮ್ಮೆ ಬದಲಿಸಿ. ಒಬ್ಬರಿಗೇ ಬಿಟ್ಟರೆ ಆ ಜೊತೆಗಾರ ಮಗುವೇ ಇದರ ಪರವಾಗಿ ಎಲ್ಲಕ್ಕೂ ಉತ್ತರಿಸತೊಡಗುತ್ತದೆ. ಕಾರ್ಡ್‌ಗಳ ಮೂಲಕ ಮೆಟ್ಟಿಲು ಮೆಟ್ಟಿಲಾಗಿ ಕಲಿಸುವ ನಲಿ-ಕಲಿ ತರಗತಿಯಲ್ಲಿ, ಗೆಳೆಯರ ಸಹಾಯದಿಂದ ಕಲಿಯುವ ಗುಂಪಿನಲ್ಲಿ (ಇದಕ್ಕೆ ‘ತಟ್ಟೆ’ ಎನ್ನುತ್ತಾರೆ) ಆಗುವುದೂ ಇದೇ, ಪಕ್ಕದವರ ಕಾರ್ಡ್ ನೋಡಿಕೊಂಡೇ ಮೆಟ್ಟಿಲು ದಾಟಿಬಿಡುತ್ತಾರೆ. ವಾರಕ್ಕೊಮ್ಮೆ ಮಗುವನ್ನು ಒಂಟಿಯಾಗಿ ಕೂರಿಸಿಕೊಂಡು ಓದಿಸಿ ನೋಡಿ.

ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ 5ರವರೆಗೆ ಎಣಿಸಿ. ನಮ್ಮಲ್ಲಿ ಹೆಚ್ಚಿನವರು ಒಂದು ಸೆಕೆಂಡಿಗೇ ಮುಂದಿನ ಮಗುವಿಗೆ ದಾಟುತ್ತೇವೆ. ಉತ್ತರವನ್ನು ಮೊದಲು ಪಕ್ಕದವರಿಗೆ ಯಾವ ಭಾಷೆಯಲ್ಲಾದರೂ ಹೇಳಲಿ. ಆಮೇಲೆ ಬೆರಳು ಮಾಡಿ ತೋರಿಸಲಿ ಅಥವಾ ಚಿತ್ರ ಬರೆಯಲಿ, ನಂತರ ಒಂದು ಪದ ಹೇಳಲಿ, ಕೊನೆಗೆ ವಾಕ್ಯ. ‘ಅರ್ಥವಾಯ್ತಾ?’ ಎಂದು ಕೇಳಿದರೆ ತಲೆಯಾಡಿಸಿಬಿಡುತ್ತಾರೆ. ‘ಮಾಡಿ ತೋರಿಸು’ ಎನ್ನಿ. ಮೊದಲ ವಾರವೇ ‘ನಿಮ್ಮೂರಿನ ಹಾಡು ಹೇಳು’ ಎಂದು ಎಲ್ಲರೆದುರು ನಿಲ್ಲಿಸುವುದು ಬೇಡ. ಪ್ರೀತಿಯಿಂದ ಮಾಡಿದರೂ ಅದು ಮಗುವನ್ನು ಮತ್ತಷ್ಟು ಒಳಕ್ಕೆ ತಳ್ಳುತ್ತದೆ.

ವರ್ಗಾವಣೆ ಪತ್ರ ತಂದಿಲ್ಲ, ವಯಸ್ಸಿನ ದಾಖಲೆ ಇಲ್ಲ ಎಂದು ದಾಖಲಾತಿ ತಡೆಯುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ವಯಸ್ಸಿಗೆ ತಕ್ಕ ತರಗತಿಯನ್ನೂ, ಹಿಂದುಳಿದ ಕಲಿಕೆಗೆ ವಿಶೇಷ ತರಬೇತಿಯನ್ನೂ ಕೊಡಬೇಕೆನ್ನುತ್ತದೆ. ಸೈಟ್ ಕೆಲಸ ಯಾವಾಗ ಮುಗಿಯುತ್ತದೆ ಎಂದು ಪೋಷಕರನ್ನು ದಾಖಲಾತಿಯ ದಿನವೇ ಕೇಳಿಟ್ಟುಕೊಳ್ಳಿ. ಹೊರಡುವ ವಾರದಲ್ಲಿ ವರ್ಗಾವಣೆ ಪತ್ರದ ಜೊತೆಗೆ, ಮಗು ಯಾವ ಅಕ್ಷರ ಓದುತ್ತದೆ, ಎಷ್ಟರವರೆಗೆ ಕೂಡುತ್ತದೆ, ಯಾವ ಭಾಷೆಯಲ್ಲಿ ಮಾತಾಡಿಸಿದರೆ ಬಾಯಿಬಿಡುತ್ತದೆ ಎಂದು ಅರ್ಧ ಪುಟ ಬರೆದು ಕೊಟ್ಟರೆ ಮುಂದಿನ ಶಾಲೆಯ ಶಿಕ್ಷಕರು ಮೊದಲಿನಿಂದ ಶುರು ಮಾಡಬೇಕಿಲ್ಲ.